ಸಂಘಕ್ಕೊಂದು ಬ್ರಾಂಚ್ ಇಟ್ಟುಕೊಂಡ ಗಿಟ್ ರೆಪೊಸಿಟರಿಯನ್ನು ಒಂದೇ ಬ್ರಾಂಚಿಗೆ ತರುವುದು ಹೇಗೆ?

ಪ್ರಶ್ನೆ: ಬಿಜೈ ಡೆವಲಪರ್

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಬಿಜೈಯಲ್ಲಿ ನಾವು ಐದು ಜನ ಸೇರಿ ಪತ್ತಿನ ಸಹಕಾರಿ ಸಂಘಗಳ ಸಾಲ, ಠೇವಣಿ ಮತ್ತು ಪಿಗ್ಮಿ (ಏಜೆಂಟರು ದಿನವೂ ಬಂದು ಸಂಗ್ರಹಿಸುವ ಉಳಿತಾಯ) ಲೆಕ್ಕಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೇವೆ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಒಟ್ಟು ಒಂಬತ್ತು ಸಂಘಗಳು ಇದನ್ನು ಬಳಸುತ್ತಿವೆ. ಕೋಡ್‌ನ ಪ್ರತಿ ಬದಲಾವಣೆಯ ದಾಖಲೆ ಇಡಲು ಮೊದಲು ಸಬ್‌ವರ್ಷನ್ ಎಂಬ ಸಾಧನ ಬಳಸುತ್ತಿದ್ದ ನಾವು ನಾಲ್ಕು ವರ್ಷಗಳ ಹಿಂದೆ ಗಿಟ್‌ಗೆ ಬಂದೆವು. ಸಾಧನ ಬದಲಾಯಿತು, ಕೆಲಸದ ಕ್ರಮ ಮಾತ್ರ ಹಾಗೆಯೇ ಉಳಿಯಿತು. ಹೊಸ ಸಂಘವೊಂದು ಬಂದಾಗಲೆಲ್ಲ ಅದರ ಹೆಸರಿನಲ್ಲಿ ಒಂದು ಬ್ರಾಂಚ್ (ಕೋಡ್‌ನ ಪ್ರತ್ಯೇಕ ಕವಲು) ತೆರೆದು, ಅವರು ಕೇಳಿದ ಬದಲಾವಣೆಗಳನ್ನೆಲ್ಲ ಅಲ್ಲೇ ಮಾಡುತ್ತಾ ಬಂದಿದ್ದೇವೆ. ಈಗ ಒಂಬತ್ತು ಬ್ರಾಂಚ್‌ಗಳಿವೆ, ಅವು ಯಾವತ್ತೂ ಒಂದಕ್ಕೊಂದು ಸೇರಿಲ್ಲ.

ಇದರಿಂದ ಏನಾಯಿತೆಂಬುದನ್ನು ಒಂದು ಘಟನೆಯಿಂದ ಹೇಳುತ್ತೇನೆ. ನಿರಖು ಠೇವಣಿಯ ಬಡ್ಡಿ ಲೆಕ್ಕ ಹಾಕುವಾಗ ನಮ್ಮ ಪ್ರೋಗ್ರಾಂ ಹಣ ಇಟ್ಟ ದಿನವನ್ನೂ ಹಿಂದಕ್ಕೆ ಪಡೆದ ದಿನವನ್ನೂ ಎಣಿಸುತ್ತಿತ್ತು, ಅಂದರೆ ಒಂದು ದಿನದ ಬಡ್ಡಿ ಹೆಚ್ಚಾಗಿ ಹೋಗುತ್ತಿತ್ತು. ಶೇಕಡಾ 9ರ ದರದಲ್ಲಿ ಒಂದು ಲಕ್ಷ ರೂಪಾಯಿಗೆ ಒಂದು ದಿನಕ್ಕೆ 24 ರೂಪಾಯಿ 66 ಪೈಸೆ. ಸರಿಪಡಿಸಬೇಕಾದದ್ದು ಹನ್ನೊಂದು ಸಾಲು. ಅದನ್ನು ಒಂದು ಬ್ರಾಂಚಿನಲ್ಲಿ ಬರೆದು ಉಳಿದವಕ್ಕೆ ಚೆರಿ-ಪಿಕ್ ಮಾಡುತ್ತಾ, ಅಂದರೆ ಆ ಒಂದು ಬದಲಾವಣೆಯನ್ನಷ್ಟೇ ನಕಲು ಮಾಡುತ್ತಾ ಹೋದೆ. ಎಂಟು ಬ್ರಾಂಚ್‌ಗಳಿಗೆ ಸಲೀಸಾಗಿ ಹೋಯಿತು. ಒಂಬತ್ತನೆಯದರಲ್ಲಿ ಆ ಫಂಕ್ಷನ್ ಬಹಳ ಹಿಂದೆಯೇ ಎರಡು ಭಾಗವಾಗಿ ಬೇರೊಂದು ಫೈಲಿಗೆ ಹೋಗಿದ್ದರಿಂದ ಕಾನ್‌ಫ್ಲಿಕ್ಟ್ ಬಂತು, ಅಂದರೆ ಯಾವುದನ್ನು ಇಟ್ಟುಕೊಳ್ಳಬೇಕೆಂದು ಗಿಟ್ ನನ್ನನ್ನೇ ಕೇಳಿತು. ಸಂಜೆ ಆರೂವರೆಯಾಗಿತ್ತು, ಅಬಾರ್ಟ್ ಕೊಟ್ಟು (ಆ ಚೆರಿ-ಪಿಕ್ ರದ್ದು ಮಾಡಿ), ನಾಳೆ ನೋಡೋಣವೆಂದು ಎದ್ದುಹೋದೆ. ಮರುದಿನ ಬೆಳಿಗ್ಗೆ ಬೇರೊಂದು ಸಂಘದಿಂದ ತುರ್ತು ಕರೆ ಬಂದು ಇದು ಮರೆತೇಹೋಯಿತು. ಮಾರ್ಚ್ 31ರ ಲೆಕ್ಕ ಮುಗಿದ ಮೇಲೆ ಆ ಸಂಘದ ಲೆಕ್ಕ ಪರಿಶೋಧಕರು ವ್ಯತ್ಯಾಸವನ್ನು ಗುರುತಿಸಿದರು. ಸಂಘದ ಕಾರ್ಯದರ್ಶಿಯವರು ನಮ್ಮ ಮೇಲೆ ಇಟ್ಟಿದ್ದ ನಂಬಿಕೆ ದೊಡ್ಡದು, ಅದಕ್ಕೆ ಕುಂದು ಬಂದದ್ದು ಇಂದಿಗೂ ಮನಸ್ಸನ್ನು ಕೊರೆಯುತ್ತಿದೆ.

ಒಂಬತ್ತನ್ನೂ ಒಂದೇ ಮುಖ್ಯ ಬ್ರಾಂಚಿಗೆ ತರಬೇಕೆಂದು ನಿರ್ಧರಿಸಿದ್ದೇವೆ. ಆದರೆ ನೇರವಾಗಿ ಮರ್ಜ್ ಮಾಡಲು (ಬ್ರಾಂಚ್‌ಗಳನ್ನು ಒಂದಾಗಿ ಸೇರಿಸಲು) ಹೋದರೆ ಇನ್ನೂರಕ್ಕೂ ಹೆಚ್ಚು ಕಡೆ ಕಾನ್‌ಫ್ಲಿಕ್ಟ್ ಬರುತ್ತಿದೆ. ಎಲ್ಲಿಂದ ಶುರು ಮಾಡಬೇಕು? ಬಳಕೆಯಲ್ಲಿರುವ ಸಂಘಗಳ ಕೆಲಸ ನಿಲ್ಲದಂತೆ ಇದನ್ನು ಮಾಡಲು ಸಾಧ್ಯವೇ? ಅನುಭವ ಇರುವವರು ದಯವಿಟ್ಟು ತಿಳಿಸಿ.


ಉತ್ತರ: ಮಣಿಪಾಲ ಬ್ಯಾಕೆಂಡ್

ನಮಸ್ಕಾರ. ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ನಮ್ಮ ತಂಡವೂ ಇದೇ ದಾರಿಯಲ್ಲಿ ಬಂದು ಇದೇ ಜಾಗದಲ್ಲಿ ಸಿಕ್ಕಿಕೊಂಡಿತ್ತು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಗಿಟ್‌ನಲ್ಲಿ ಬ್ರಾಂಚ್ ಎಂದರೆ ಒಂದು ಕಮಿಟ್‌ನ (ದಾಖಲಾದ ಒಂದು ಬದಲಾವಣೆಯ) 40 ಅಕ್ಷರಗಳ ಹೆಸರನ್ನು ಬರೆದಿಟ್ಟ ಪುಟ್ಟ ಫೈಲ್, ಸಾಮಾನ್ಯವಾಗಿ 41 ಬೈಟ್. ತೆರೆಯುವುದು ಇಷ್ಟು ಅಗ್ಗವಾದ್ದರಿಂದ ಇಟ್ಟುಕೊಳ್ಳುವುದೂ ಅಗ್ಗವೆಂದು ನಾವೆಲ್ಲ ಭಾವಿಸಿಬಿಡುತ್ತೇವೆ. ವೆಚ್ಚ ಇರುವುದು ಮರಳಿ ಸೇರಿಸುವಲ್ಲಿ, ಮತ್ತು ಅದು ದಿನಗಳೆದಂತೆ ಏರುತ್ತದೆ. ಮರ್ಜ್ ಮಾಡುವಾಗ ಗಿಟ್ ಮೂರು ಪ್ರತಿಗಳನ್ನು ಎದುರು ಬದುರು ಇಟ್ಟು ನೋಡುತ್ತದೆ: ನಿಮ್ಮದು, ಅವರದು, ಮತ್ತು ಎರಡೂ ಬೇರೆಯಾಗುವ ಮೊದಲಿದ್ದ ಸಮಾನ ಪೂರ್ವಜ. ಒಂದೇ ಕಡೆ ಬದಲಾಗಿದ್ದರೆ ಅದನ್ನು ತಾನೇ ತೆಗೆದುಕೊಳ್ಳುತ್ತದೆ, ಎರಡೂ ಕಡೆ ಬೇರೆ ಬೇರೆ ರೀತಿ ಬದಲಾಗಿದ್ದರೆ ನಿಮ್ಮನ್ನು ಕೇಳುತ್ತದೆ. ನಿಮ್ಮ ಪೂರ್ವಜ ನಾಲ್ಕು ವರ್ಷ ಹಿಂದಿನದು. ಅಷ್ಟು ಹಳೆಯ ಪ್ರತಿಯನ್ನು ಮುಂದಿಟ್ಟುಕೊಂಡಾಗ ಎರಡೂ ಕಡೆ ಬದಲಾಗದ ಜಾಗ ಕಡಿಮೆಯೇ ಇರುತ್ತದೆ, ಹಾಗಾಗಿ ಇನ್ನೂರು ಕಾನ್‌ಫ್ಲಿಕ್ಟ್ ಎಂಬುದು ಸಹಜ.

ಚೆರಿ-ಪಿಕ್ ಈ ಅಂತರವನ್ನು ಕಡಿಮೆ ಮಾಡುವುದಿಲ್ಲ. ಕಮಿಟ್‌ನ ಹೆಸರು ಹುಟ್ಟುವುದು ಅದರೊಳಗಿನ ಫೈಲುಗಳು, ಅದರ ಹಿಂದಿನ ಕಮಿಟ್, ಬರೆದವರು, ಸಮಯ, ಸಂದೇಶ ಇವೆಲ್ಲವುಗಳಿಂದ. ಬೇರೆ ಬ್ರಾಂಚಿನ ಮೇಲೆ ಕೂತ ಕೂಡಲೇ ಹಿಂದಿನ ಕಮಿಟ್ ಬೇರೆಯಾಗುತ್ತದೆ, ಹೆಸರೂ ಬೇರೆಯಾಗುತ್ತದೆ. ನಿಮಗೆ ಒಂದೇ ಎನಿಸಿದ ಹನ್ನೊಂದು ಸಾಲಿನ ತಿದ್ದುಪಡಿ ಗಿಟ್‌ನ ಇತಿಹಾಸದಲ್ಲಿ ಎಂಟು ಬೇರೆ ಬೇರೆ ಕಮಿಟ್‌ಗಳು. ಯಾವುದು ಎಲ್ಲಿಗೆ ಹೋಗಿದೆ ಎಂಬುದನ್ನು ಇತಿಹಾಸ ಹೇಳಲಾರದು, ನೆನಪಿನಲ್ಲಿ ಇಟ್ಟುಕೊಳ್ಳಬೇಕಾದವರು ನೀವು. ಆ ಸಂಜೆ ನೀವು ಎದ್ದುಹೋದದ್ದಕ್ಕಿಂತ, ಒಂಬತ್ತು ಕಡೆಯ ನೆನಪನ್ನು ಒಬ್ಬರ ತಲೆಯ ಮೇಲೆ ಹೊರಿಸಿದ ವ್ಯವಸ್ಥೆಯದೇ ದೊಡ್ಡ ತಪ್ಪೆಂದು ನನ್ನ ಅಭಿಪ್ರಾಯ.

ಆದ್ದರಿಂದ ಇವತ್ತೇ ಮಾಡಬೇಕಾದ ಕೆಲಸ, ಇಂಥ ಬೇರೆ ತಿದ್ದುಪಡಿಗಳು ಎಲ್ಲಿ ತಪ್ಪಿವೆ ಎಂದು ಹುಡುಕುವುದು. ‘ಗಿಟ್ ಚೆರಿ’ ಎಂಬ ಬೇರೆಯೇ ಕಮಾಂಡ್ ಇದೆ, ಚೆರಿ-ಪಿಕ್ ಅಲ್ಲ. ಅದು ಕಮಿಟ್‌ನ ಹೆಸರನ್ನು ಬಿಟ್ಟು ಬದಲಾವಣೆಯ ಸಾಲುಗಳನ್ನೇ ಹೋಲಿಸುತ್ತದೆ. ಮೊದಲು ಒಂಬತ್ತನೆಯ ಸಂಘದ ಬ್ರಾಂಚ್, ಆಮೇಲೆ ನೀವು ತಿದ್ದುಪಡಿ ಬರೆಯುವ ಬ್ರಾಂಚ್, ಹೀಗೆ ಎರಡು ಹೆಸರು ಕೊಟ್ಟರೆ, ಒಂಬತ್ತನೆಯದರಲ್ಲಿ ಸಮಾನವಾದದ್ದು ಇರುವ ಕಮಿಟ್‌ಗಳ ಮುಂದೆ ಮೈನಸ್ ಗುರುತೂ ಇಲ್ಲದವುಗಳ ಮುಂದೆ ಪ್ಲಸ್ ಗುರುತೂ ಬರುತ್ತದೆ. ಕಾನ್‌ಫ್ಲಿಕ್ಟ್ ಬಿಡಿಸುವಾಗ ಸಾಲುಗಳನ್ನು ಬದಲಿಸಿದ್ದರೆ ಅದಕ್ಕೂ ಪ್ಲಸ್ ಬರುವುದರಿಂದ ಆ ಪಟ್ಟಿಯನ್ನು ಕಣ್ಣಿಂದ ನೋಡಲೇಬೇಕು. ಒಂದು ದಿನ ಹೋಗಬಹುದು. ಸದಸ್ಯರ ಹಣದ ವಿಷಯವಾದ್ದರಿಂದ ಆ ದಿನವನ್ನು ದಯವಿಟ್ಟು ಕೊಡಿ.

ಇನ್ನು ಒಂದುಗೂಡಿಸುವ ವಿಚಾರ. ಬ್ರಾಂಚ್ ಇರುವುದು ಕೆಲಸ ಮುಗಿಯುವ ತನಕದ ಅಂತರಕ್ಕಾಗಿ, ಮುಗಿದ ಮೇಲೆ ಅದು ಮುಖ್ಯ ಬ್ರಾಂಚಿಗೆ ಸೇರಬೇಕು. ಸಂಘ ಮತ್ತು ಸಂಘದ ನಡುವಿನ ವ್ಯತ್ಯಾಸ ಎಂದಿಗೂ ಮುಗಿಯುವಂಥದ್ದಲ್ಲ, ಆದ್ದರಿಂದ ಅದು ಇರಬೇಕಾದ ಜಾಗ ಪ್ರೋಗ್ರಾಮಿನ ಸೆಟ್ಟಿಂಗ್. ಇನ್ನೂರು ಕಾನ್‌ಫ್ಲಿಕ್ಟ್‌ಗಳನ್ನು ಒಂದೇ ಸಲ ಬಿಡಿಸಲು ಕೂರಬೇಡಿ. ಎಲ್ಲಕ್ಕಿಂತ ಅಚ್ಚುಕಟ್ಟಾಗಿರುವ ಒಂದು ಬ್ರಾಂಚನ್ನು ಮುಖ್ಯವೆಂದು ಆರಿಸಿಕೊಳ್ಳಿ. ಆಮೇಲೆ ಮುಖ್ಯ ಬ್ರಾಂಚ್ ಮತ್ತು ಸಂಘದ ಬ್ರಾಂಚ್ ಹೆಸರುಗಳ ನಡುವೆ ಮೂರು ಚುಕ್ಕಿ ಇಟ್ಟು ‘ಗಿಟ್ ಡಿಫ್’ ಕೊಟ್ಟರೆ, ಬೇರೆಯಾದಂದಿನಿಂದ ಆ ಸಂಘಕ್ಕಾಗಿ ಏನೇನು ಬದಲಿಸಿದ್ದೀರಿ ಎಂಬುದಷ್ಟೇ ಕಾಣುತ್ತದೆ. ಅದನ್ನು ಕಾಗದದ ಮೇಲೆ ತೆಗೆದು ಪೆನ್ಸಿಲ್ ಹಿಡಿದು ಓದಿ. ನಮ್ಮಲ್ಲಿ ಹಾಗೆ ಓದಿದಾಗ ಮುಕ್ಕಾಲು ಪಾಲು ವ್ಯತ್ಯಾಸಗಳು ಅಂಗಡಿಯ ಹೆಸರು, ಬಿಲ್ಲಿನ ಅಗಲ, ತೆರಿಗೆಯ ದರ, ಪೈಸೆ ರೌಂಡ್ ಮಾಡುವ ಕ್ರಮ ಇಂಥವೇ ಆಗಿದ್ದವು. ಇವು ಸೆಟ್ಟಿಂಗ್ ಟೇಬಲ್ಲಿಗೆ ಹೋಗಬೇಕು. ಎಲ್ಲರಿಗೂ ಬೇಕಾದ ತಿದ್ದುಪಡಿಗಳು ಕೆಲವು ಸಿಗುತ್ತವೆ, ಅವನ್ನು ಮುಖ್ಯ ಬ್ರಾಂಚಿಗೆ ತನ್ನಿ. ಕೊನೆಗೆ ನಿಜವಾಗಿ ಬೇರೆಯಾದ ನಿಯಮಗಳು ಕೈಬೆರಳೆಣಿಕೆಯಷ್ಟು ಉಳಿಯುತ್ತವೆ.

ಎಲ್ಲಕ್ಕೂ ಮೊದಲು ಹೋಲಿಕೆಯ ಪರೀಕ್ಷೆಯೊಂದನ್ನು ಮಾಡಿಕೊಳ್ಳಿ. ಹೆಸರು, ವಿಳಾಸಗಳನ್ನು ತೆಗೆದುಹಾಕಿದ ಒಂದೇ ಮಾದರಿ ಡೇಟಾದ ಮೇಲೆ ಸಂಘದ ಹಳೆಯ ಬ್ರಾಂಚಿನ ಪ್ರೋಗ್ರಾಮನ್ನೂ ಮುಖ್ಯ ಬ್ರಾಂಚಿನದನ್ನೂ ಓಡಿಸಿ, ಬಡ್ಡಿ ಪಟ್ಟಿ, ಡೇಬುಕ್ ಮತ್ತು ಬಾಕಿ ಪಟ್ಟಿ ಪೈಸೆಗೆ ಪೈಸೆ ತಾಳೆಯಾಗುತ್ತವೆಯೇ ಎಂದು ನೋಡಿ. ತಾಳೆಯಾದ ದಿನ ಆ ಸಂಘವನ್ನು ಮುಖ್ಯ ಬ್ರಾಂಚಿಗೆ ದಾಟಿಸಿ, ಹಳೆಯ ಬ್ರಾಂಚಿನ ತುದಿಗೆ ಒಂದು ಟ್ಯಾಗ್ (ಕಮಿಟ್‌ಗೆ ಅಂಟಿಸುವ ಕಾಯಂ ಹೆಸರು) ಹಾಕಿ, ಬ್ರಾಂಚನ್ನು ಅಳಿಸಿ. ಟ್ಯಾಗ್ ಇರುವ ತನಕ ಇತಿಹಾಸ ಎಲ್ಲಿಗೂ ಹೋಗುವುದಿಲ್ಲ. ಚಿಕ್ಕ ಸಂಘದಿಂದ ಶುರು ಮಾಡಿ, ಒಂದು ಮುಗಿದ ಮೇಲೆ ಇನ್ನೊಂದು. ಹೀಗೆ ಮಾಡಿದರೆ ಯಾರ ಕೆಲಸವೂ ನಿಲ್ಲುವುದಿಲ್ಲ. ನಡುವೆ ಒಂದೇ ಬಗೆಯ ಕಾನ್‌ಫ್ಲಿಕ್ಟ್ ಮತ್ತೆ ಮತ್ತೆ ಎದುರಾಗುತ್ತದೆ, ಅದಕ್ಕಾಗಿ ಗಿಟ್‌ನ ‘ರೆರೆರೆ’ ಸೌಲಭ್ಯವನ್ನು ಮೊದಲೇ ಚಾಲೂ ಮಾಡಿಟ್ಟುಕೊಳ್ಳಿ. ಒಮ್ಮೆ ನೀವು ಬಿಡಿಸಿದ ರೀತಿಯನ್ನು ಅದು ನೆನಪಿಟ್ಟುಕೊಂಡು, ಅದೇ ಕಾನ್‌ಫ್ಲಿಕ್ಟ್ ಮತ್ತೆ ಬಂದಾಗ ಹಾಗೆಯೇ ಬಿಡಿಸಿಕೊಡುತ್ತದೆ.


ಉತ್ತರ: ಕದ್ರಿ ರಿಲೀಸ್

ಮಣಿಪಾಲದವರು ಹೇಳಿದ್ದರಲ್ಲಿ ಹೆಚ್ಚಿನದಕ್ಕೆ ನನ್ನ ಒಪ್ಪಿಗೆ ಇದೆ. ಒಂದು ಕಡೆ ಮಾತ್ರ ಸ್ವಲ್ಪ ತಿದ್ದಬೇಕೆನಿಸುತ್ತದೆ. ಮುಖ್ಯ ಬ್ರಾಂಚ್ ಒಂದೇ ಸಾಕು ಎಂಬ ಮಾತು ಎಲ್ಲರಿಗೂ ಒಂದೇ ಆವೃತ್ತಿ ಒಂದೇ ದಿನ ತಲುಪುವ ವೆಬ್‌ಸೈಟ್‌ಗಳಿಗೆ ಚೆನ್ನಾಗಿ ಒಗ್ಗುತ್ತದೆ. ಬಿಜೈಯವರ ಸಾಫ್ಟ್‌ವೇರ್ ಸಂಘಗಳ ಸ್ವಂತ ಕಂಪ್ಯೂಟರಿನಲ್ಲಿ ಇರುವಂಥದ್ದಾದರೆ, ಒಂದು ಸಂಘ ಮಾರ್ಚ್ ಮುಗಿಯುವ ತನಕ ಹೊಸ ಆವೃತ್ತಿ ಬೇಡವೆನ್ನಬಹುದು, ಇನ್ನೊಂದು ಈಗಲೇ ಬೇಕೆನ್ನಬಹುದು. ಆಗ ಬಿಡುಗಡೆಯಾದ ಆವೃತ್ತಿಗೆ ಒಂದು ಬ್ರಾಂಚ್ ಇಟ್ಟುಕೊಳ್ಳುವುದು ತಪ್ಪಲ್ಲ. ಬ್ರಾಂಚಿನ ಹೆಸರಿನಲ್ಲಿ ಇರುವುದು ಆವೃತ್ತಿಯ ಸಂಖ್ಯೆಯೇ, ಸಂಘದ ಹೆಸರೇ ಎಂಬುದರಲ್ಲೇ ವ್ಯತ್ಯಾಸವೆಲ್ಲ ಇದೆ.

ಗಿಟ್-ಫ್ಲೋ ಎಂದು ಎಲ್ಲರೂ ಕರೆಯುವ ಕ್ರಮವನ್ನು ವಿನ್ಸೆಂಟ್ ಡ್ರೀಸೆನ್ 2010ರಲ್ಲಿ ಬರೆದರು. ಡೆವಲಪ್, ರಿಲೀಸ್, ಹಾಟ್‌ಫಿಕ್ಸ್ ಎಂದು ಹಲವು ಬ್ರಾಂಚ್‌ಗಳಿರುವ ಕ್ರಮ ಅದು. ಹತ್ತು ವರ್ಷಗಳ ನಂತರ, 2020ರಲ್ಲಿ, ಅವರೇ ಆ ಬರಹದ ಮೇಲ್ಭಾಗದಲ್ಲಿ ಒಂದು ಟಿಪ್ಪಣಿ ಸೇರಿಸಿದರು. ನಿರಂತರವಾಗಿ ಬಿಡುಗಡೆಯಾಗುವ ವೆಬ್ ಸಾಫ್ಟ್‌ವೇರ್ ಮಾಡುವವರು ಇನ್ನೂ ಸರಳವಾದ ಕ್ರಮ ಆರಿಸಿಕೊಳ್ಳಲಿ, ಹಲವು ಆವೃತ್ತಿಗಳನ್ನು ಒಟ್ಟಿಗೆ ಸಾಕಬೇಕಾದವರಿಗೆ ಇದು ಈಗಲೂ ಹೊಂದಬಹುದು ಎಂಬುದು ಅದರ ತಾತ್ಪರ್ಯ. ತನ್ನದೇ ಕ್ರಮದ ಮಿತಿಯನ್ನು ಬರೆದವರೇ ಹೇಳಿದ್ದು ನನಗೆ ಬಹಳ ಗೌರವದ ವಿಷಯವಾಗಿ ಕಂಡಿದೆ. ಐದು ಜನರಿಗೆ ಗಿಟ್-ಫ್ಲೋ ಪೂರ್ತಿಯಾಗಿ ಬೇಕಿಲ್ಲ. ಮುಖ್ಯ ಬ್ರಾಂಚ್ ಒಂದು, ಬಳಕೆಯಲ್ಲಿರುವ ಆವೃತ್ತಿಗಳಿಗೆ ಎರಡೋ ಮೂರೋ ರಿಲೀಸ್ ಬ್ರಾಂಚ್, ಒಂದೆರಡು ದಿನದಲ್ಲಿ ಮರ್ಜ್ ಆಗುವ ಕೆಲಸದ ಬ್ರಾಂಚ್‌ಗಳು, ಇಷ್ಟು ಸಾಕು.

ಒಂದು ನಿಯಮವನ್ನು ಮಾತ್ರ ಕಟ್ಟುನಿಟ್ಟಾಗಿ ಇಟ್ಟುಕೊಳ್ಳಿ. ತಿದ್ದುಪಡಿ ಮೊದಲು ಮುಖ್ಯ ಬ್ರಾಂಚಿಗೆ ಹೋಗಬೇಕು, ಅಲ್ಲಿಂದ ಹಳೆಯ ರಿಲೀಸ್‌ಗೆ ಇಳಿಯಬೇಕು. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿನ ಸ್ಟೇಬಲ್ ಆವೃತ್ತಿಗಳಲ್ಲಿ ಇದೇ ನಿಯಮ ಇದೆ. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಅವರ ಮುಖ್ಯ ಶಾಖೆಯಲ್ಲಿ ಆ ತಿದ್ದುಪಡಿ ಅಥವಾ ಅದಕ್ಕೆ ಸಮನಾದದ್ದು ಇಲ್ಲದಿದ್ದರೆ ಸ್ಟೇಬಲ್‌ಗೆ ತೆಗೆದುಕೊಳ್ಳುವುದಿಲ್ಲ. 2005ರ ಏಪ್ರಿಲ್‌ನಲ್ಲಿ ಗಿಟ್ ಹುಟ್ಟಿದ್ದೇ ಆ ಕರ್ನಲ್ಲಿನ ಕೆಲಸಕ್ಕಾಗಿ. ಸಾವಿರಾರು ಜನ ಸೇರಿ ಬರೆಯುವ ಕಡೆ ನಿಂತ ನಿಯಮ ಐದು ಜನರ ಕಡೆಯೂ ನಿಲ್ಲುತ್ತದೆ. ಇಳಿಸುವಾಗ ಚೆರಿ-ಪಿಕ್‌ಗೆ ‘ಎಕ್ಸ್’ ಆಯ್ಕೆ ಕೊಡಿ, ಮೂಲ ಕಮಿಟ್‌ನ ಹೆಸರು ಸಂದೇಶದ ಕೊನೆಯಲ್ಲಿ ಬರೆದಿರುತ್ತದೆ. ಆಗ ಯಾವುದು ಎಲ್ಲಿಗೆ ಹೋಗಿದೆ ಎಂದು ಹುಡುಕಲು ನಿಮ್ಮ ನೆನಪು ಬೇಕಾಗುವುದಿಲ್ಲ.


ಬಿಜೈ ಡೆವಲಪರ್

ಇಬ್ಬರಿಗೂ ತುಂಬಾ ಧನ್ಯವಾದ. ‘ಗಿಟ್ ಚೆರಿ’ ಓಡಿಸಿ ನೋಡಿದೆವು. ಇನ್ನೂ ನಾಲ್ಕು ತಿದ್ದುಪಡಿಗಳು ಎರಡು ಸಂಘಗಳಿಗೆ ಹೋಗಿರಲಿಲ್ಲ; ಇವತ್ತೇ ಹಾಕಿ, ಆ ಸಂಘಗಳಿಗೆ ಫೋನ್ ಮಾಡಿ ತಿಳಿಸಿದ್ದೇವೆ.

ಕದ್ರಿಯವರು ಊಹಿಸಿದಂತೆ ಸಾಫ್ಟ್‌ವೇರ್ ಸಂಘಗಳ ಸ್ವಂತ ಕಂಪ್ಯೂಟರಿನಲ್ಲೇ ಇದೆ. ಒಂದು ಸಂದೇಹ ಉಳಿದಿದೆ. ಪಿಗ್ಮಿಯ ಲೆಕ್ಕ ಸಂಘದಿಂದ ಸಂಘಕ್ಕೆ ನಿಜವಾಗಿಯೂ ಬೇರೆ. ಒಂದು ಕಡೆ ಏಜೆಂಟರ ಕಮಿಷನ್ ತಿಂಗಳ ಒಟ್ಟು ಸಂಗ್ರಹದ ಮೇಲೆ ಒಂದೇ ದರ, ಇನ್ನೊಂದು ಕಡೆ ಸಂಗ್ರಹ ಏರಿದಂತೆ ದರವೂ ಏರುತ್ತದೆ, ಮತ್ತೊಂದು ಕಡೆ ಅವಧಿಗೆ ಮೊದಲು ಖಾತೆ ಮುಚ್ಚಿದರೆ ಕಮಿಷನ್ನಿನ ಒಂದು ಪಾಲನ್ನು ಹಿಂದಕ್ಕೆ ಪಡೆಯುತ್ತಾರೆ. ಇದನ್ನೆಲ್ಲ ಸೆಟ್ಟಿಂಗ್ ಟೇಬಲ್ಲಿನಲ್ಲಿ ಬರೆಯಲು ಹೋದರೆ ಆ ಟೇಬಲ್ಲೇ ಒಂದು ಪ್ರೋಗ್ರಾಂ ಆಗಿಬಿಡುವುದಿಲ್ಲವೇ?


ಉತ್ತರ: ಮಣಿಪಾಲ ಬ್ಯಾಕೆಂಡ್

ಸರಿಯಾದ ಸಂದೇಹ. 1928ರಲ್ಲಿ ನಮ್ಮ ಉಡುಪಿಯಲ್ಲೇ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯಿಂದ, ಶುರುವಾದ ಯೋಜನೆ ಈ ಪಿಗ್ಮಿ. ಇಷ್ಟು ವರ್ಷಗಳಲ್ಲಿ ಒಂದೊಂದು ಸಂಘವೂ ಅದನ್ನು ತನಗೆ ಹೊಂದುವಂತೆ ಮಾರ್ಪಡಿಸಿಕೊಂಡಿದೆ, ಎಲ್ಲರನ್ನೂ ಒಂದೇ ಅಚ್ಚಿಗೆ ತರುವುದು ನಮ್ಮ ಕೆಲಸವಲ್ಲ. ಇಂಥ ಕಡೆ ಮೂರು ನಿಯಮಗಳಿಗೆ ಮೂರು ಫಂಕ್ಷನ್ ಬರೆದು ಮೂರನ್ನೂ ಮುಖ್ಯ ಬ್ರಾಂಚಿನಲ್ಲೇ ಇಡಿ. ಸೆಟ್ಟಿಂಗ್‌ನಲ್ಲಿ ಇರಬೇಕಾದದ್ದು ಈ ಸಂಘಕ್ಕೆ ಯಾವ ಫಂಕ್ಷನ್ ಎಂಬ ಒಂದು ಪದ ಮಾತ್ರ. ಆ ಫಂಕ್ಷನ್‌ಗೆ ‘ಏರುದರ ಕಮಿಷನ್’ ಎಂದು ನಿಯಮದ ಹೆಸರಿಡಿ, ಸಂಘದ ಹೆಸರು ಇಡಬೇಡಿ. ನಾಳೆ ಹತ್ತನೆಯ ಸಂಘ ಬಂದಾಗ ಅದಕ್ಕೂ ಅದೇ ಬೇಕಾಗಬಹುದು. ಮೂರೂ ಒಂದೇ ಬ್ರಾಂಚಿನಲ್ಲಿ ಇರುವುದರಿಂದ ಖಾತೆಯ ರಚನೆ ಬದಲಾದ ದಿನ ಮೂರರ ಪರೀಕ್ಷೆಗಳೂ ಒಟ್ಟಿಗೆ ಓಡಿ, ಮುರಿದದ್ದು ಅಲ್ಲೇ ಗೊತ್ತಾಗುತ್ತದೆ.


ಉತ್ತರ: ಕಾಪು ಫೀಲ್ಡ್ ಸಪೋರ್ಟ್

ನಾನು ಹೆಚ್ಚಾಗಿ ಗ್ರಾಹಕರ ಜಾಗದಲ್ಲೇ ಕೂತು ಕೆಲಸ ಮಾಡುವವಳು. ಆ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ನೆಟ್ಟೂ ಒಟ್ಟಿಗೆ ಹೋಗುವುದು ನಿಮಗೆಲ್ಲ ಗೊತ್ತೇ ಇದೆ. ಕೆಲವು ಸಂಘಗಳಲ್ಲಿ ಭದ್ರತೆಯ ಕಾರಣಕ್ಕೆ ಹೊರಗಿನ ಲ್ಯಾಪ್‌ಟಾಪಿಗೆ ನೆಟ್ ಕೊಡುವುದೂ ಇಲ್ಲ. ಸಬ್‌ವರ್ಷನ್ ಕಾಲದಲ್ಲಿ ಸರ್ವರ್ ಸಿಗದೆ ಕಮಿಟ್ ಮಾಡಲಾಗದೆ, ಫೈಲುಗಳನ್ನು ದಿನಾಂಕದ ಹೆಸರಿನ ಫೋಲ್ಡರುಗಳಲ್ಲಿ ತುಂಬಿಕೊಂಡು ಬರುತ್ತಿದ್ದೆವು. ಸಂಘಕ್ಕೊಂದು ಬ್ರಾಂಚ್ ಹುಟ್ಟಿಕೊಂಡದ್ದರ ಬೇರು ಎಷ್ಟೋ ಕಡೆ ಆ ಫೋಲ್ಡರುಗಳಲ್ಲೇ ಇದೆಯೆಂದು ನನಗೆ ಅನಿಸುತ್ತದೆ. ಗಿಟ್‌ನಲ್ಲಿ ಇಡೀ ಇತಿಹಾಸ ನಮ್ಮ ಲ್ಯಾಪ್‌ಟಾಪಿನಲ್ಲೇ ಇರುವುದರಿಂದ ಅಲ್ಲೇ ಬ್ರಾಂಚ್ ತೆರೆದು, ಕಮಿಟ್ ಮಾಡಿ, ಹಿಂದಿನ ಆವೃತ್ತಿಯೊಂದಿಗೆ ಹೋಲಿಸಿ ನೋಡಬಹುದು. ಬೇರೊಬ್ಬರ ಕಂಪ್ಯೂಟರಿಗೆ ಆ ಕಮಿಟ್‌ಗಳನ್ನು ನೆಟ್ ಇಲ್ಲದೆ ದಾಟಿಸಬೇಕಾದರೆ ‘ಗಿಟ್ ಬಂಡಲ್’ ಇದೆ. ಹೊಸ ಕಮಿಟ್‌ಗಳನ್ನು ಮಾತ್ರ ಒಂದು ಫೈಲಾಗಿ ಕಟ್ಟಿ ಪೆನ್‌ಡ್ರೈವಿನಲ್ಲಿ ಒಯ್ದು, ಆ ಕಡೆ ಅದನ್ನೇ ಒಂದು ರಿಮೋಟ್ (ದೂರದ ಪ್ರತಿ) ಎಂಬಂತೆ ಫೆಚ್ ಮಾಡಬಹುದು, ಅಂದರೆ ಕಮಿಟ್‌ಗಳನ್ನು ತೆಗೆದುಕೊಳ್ಳಬಹುದು. ತೆಗೆದುಕೊಳ್ಳುವ ಮೊದಲು ‘ವೆರಿಫೈ’ ಕೊಟ್ಟರೆ, ಅದಕ್ಕೆ ಬೇಕಾದ ಹಿಂದಿನ ಕಮಿಟ್‌ಗಳು ನಿಮ್ಮಲ್ಲಿ ಇವೆಯೇ ಎಂದು ಹೇಳುತ್ತದೆ.

ಎರಡನೆಯದು ಎಚ್ಚರಿಕೆಯ ಮಾತು. ನಾನು ಹಿಂದೆ ಇದ್ದ ತಂಡದಲ್ಲಿ ಒಬ್ಬರು ದೋಷ ಹುಡುಕಲೆಂದು ಗ್ರಾಹಕರ ಡೇಟಾಬೇಸಿನ ಬ್ಯಾಕಪ್ಪನ್ನು ರೆಪೊಸಿಟರಿಯ ಫೋಲ್ಡರಿನಲ್ಲಿ ಇಟ್ಟಿದ್ದರು, ಅದು ಕಮಿಟ್‌ಗೆ ಸೇರಿಹೋಯಿತು. ಮರುದಿನ ಅಳಿಸಿ ಇನ್ನೊಂದು ಕಮಿಟ್ ಮಾಡಿದರು. ಆದರೆ ಹಿಂದಿನ ಕಮಿಟ್‌ನಲ್ಲಿ ಅದು ಇದ್ದೇ ಇತ್ತು, ಕ್ಲೋನ್ (ಇತಿಹಾಸ ಸಹಿತ ಪೂರ್ತಿ ಪ್ರತಿ) ಮಾಡಿಕೊಂಡ ಪ್ರತಿಯೊಬ್ಬರ ಲ್ಯಾಪ್‌ಟಾಪಿಗೂ ಜನರ ಹೆಸರು, ಫೋನ್ ನಂಬರ್, ಬಾಕಿ ಮೊತ್ತಗಳೆಲ್ಲ ಬಂದಿದ್ದವು. ಕೊನೆಗೆ ‘ಫಿಲ್ಟರ್-ರೆಪೊ’ ಎಂಬ ಸಾಧನ ಬಳಸಿ ಇತಿಹಾಸವನ್ನೇ ತಿದ್ದಬೇಕಾಯಿತು. ಆ ಕಮಿಟ್‌ನಿಂದ ಈಚೆಗಿನ ಎಲ್ಲ ಕಮಿಟ್‌ಗಳ ಹೆಸರೂ ಬದಲಾಗಿ, ಎಲ್ಲರೂ ಹಳೆಯ ಪ್ರತಿಯನ್ನು ಅಳಿಸಿ ಹೊಸದಾಗಿ ಕ್ಲೋನ್ ಮಾಡಬೇಕಾಯಿತು. ನೀವು ಹೋಲಿಕೆಯ ಪರೀಕ್ಷೆಗೆ ಮಾದರಿ ಡೇಟಾ ಸಿದ್ಧಪಡಿಸುತ್ತೀರಲ್ಲ, ಬ್ಯಾಕಪ್ ಫೈಲುಗಳ ವಿಧವನ್ನು, ಗಿಟ್ ಗಮನಿಸಬಾರದ ಫೈಲುಗಳ ಪಟ್ಟಿಯಾದ ‘ಗಿಟ್‌ಇಗ್ನೋರ್’ ಫೈಲಿನಲ್ಲಿ ಇವತ್ತೇ ಬರೆದಿಡಿ. ನಿಜವಾದ ಬ್ಯಾಕಪ್ ರೆಪೊಸಿಟರಿಯ ಫೋಲ್ಡರಿನ ಹತ್ತಿರವೂ ಬರಬಾರದು. ಬಂಡಲ್ ಫೈಲಿಗೂ ತನ್ನದಾದ ಬೀಗ ಇಲ್ಲ, ಪೆನ್‌ಡ್ರೈವ್ ಕಳೆದುಹೋದರೆ ಒಳಗಿರುವುದನ್ನು ಯಾರು ಬೇಕಾದರೂ ಓದಬಹುದು.


ಬಿಜೈ ಡೆವಲಪರ್

ಆರು ವಾರಗಳ ಬಳಿಕ ಬರೆಯುತ್ತಿದ್ದೇನೆ. ಕಾಪುವಿನ ಮೇಡಂ ಹೇಳಿದ ಎಚ್ಚರಿಕೆಯನ್ನು ಅದೇ ದಿನ ಪಾಲಿಸಿದೆವು. ಮೂರು ಸಂಘಗಳು ಮುಖ್ಯ ಬ್ರಾಂಚಿಗೆ ಬಂದಿವೆ. ಮೊದಲನೆಯದಕ್ಕೆ ಹನ್ನೆರಡು ದಿನ ಹಿಡಿಯಿತು, ಮೂರನೆಯದಕ್ಕೆ ನಾಲ್ಕೇ ದಿನ. ಎರಡನೆಯ ಸಂಘದಲ್ಲಿ ಬಡ್ಡಿ ಪಟ್ಟಿ ಒಂದು ಪೈಸೆ ತಾಳೆಯಾಗದೆ ಎರಡು ದಿನ ಕುಳಿತೆವು. ಅವರಲ್ಲಿ ಪ್ರತಿ ತಿಂಗಳ ಬಡ್ಡಿಯನ್ನು ರೌಂಡ್ ಮಾಡಿ ಕೂಡಿಸುತ್ತಿದ್ದರು, ನಾವು ಕೂಡಿಸಿದ ಮೇಲೆ ರೌಂಡ್ ಮಾಡುತ್ತಿದ್ದೆವು. ಹೋಲಿಕೆಯ ಪರೀಕ್ಷೆ ಇಲ್ಲದಿದ್ದರೆ ಇದು ಮತ್ತೆ ಲೆಕ್ಕ ಪರಿಶೋಧಕರ ಕಣ್ಣಿಗೇ ಬೀಳುತ್ತಿತ್ತು.

ಈಗ ಹೊಸದೊಂದು ತೊಡಕು. ನಾಲ್ಕನೆಯ ಸಂಘದ ಬ್ರಾಂಚ್ ಚಿಕ್ಕದಾಗಿದ್ದರಿಂದ ನೇರವಾಗಿ ಮರ್ಜ್ ಮಾಡಿದೆವು. ರಶೀದಿ ಮುದ್ರಣ ಕೆಟ್ಟದ್ದರಿಂದ ಆ ಮರ್ಜನ್ನು ರಿವರ್ಟ್ ಮಾಡಿದೆವು, ಅಂದರೆ ಅದರ ಬದಲಾವಣೆಗಳನ್ನು ತೆಗೆಯುವ ಹೊಸ ಕಮಿಟ್ ಹಾಕಿದೆವು. ಆಮೇಲೆ ಸಂಘದ ಬ್ರಾಂಚಿನಲ್ಲಿ ಮುದ್ರಣವನ್ನು ಸರಿಪಡಿಸಿ ಮತ್ತೆ ಮರ್ಜ್ ಕೊಟ್ಟರೆ, ಮುದ್ರಣದ ತಿದ್ದುಪಡಿ ಮಾತ್ರ ಬರುತ್ತಿದೆ, ಉಳಿದ ಯಾವ ಬದಲಾವಣೆಯೂ ಬರುತ್ತಿಲ್ಲ. ಕಾನ್‌ಫ್ಲಿಕ್ಟ್ ಕೂಡ ತೋರಿಸುತ್ತಿಲ್ಲ.


ಉತ್ತರ: ಕದ್ರಿ ರಿಲೀಸ್

ಗಿಟ್ ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಇದೆ. ಮರ್ಜನ್ನು ರಿವರ್ಟ್ ಮಾಡಿದಾಗ ಫೈಲುಗಳಲ್ಲಿನ ಬದಲಾವಣೆ ಹಿಂದಕ್ಕೆ ಹೋಗುತ್ತದೆ, ಆದರೆ ಆ ಬ್ರಾಂಚ್ ಒಮ್ಮೆ ಸೇರಿತ್ತೆಂಬ ಸಂಗತಿ ಇತಿಹಾಸದಲ್ಲಿ ಉಳಿಯುತ್ತದೆ. ಆದ್ದರಿಂದ ಎರಡನೆಯ ಮರ್ಜ್‌ನಲ್ಲಿ ಸಮಾನ ಪೂರ್ವಜ ಎಂದು ಗಿಟ್ ಹಿಡಿಯುವುದು, ಮೊದಲ ಮರ್ಜ್‌ನ ಹೊತ್ತಿಗೆ ಸಂಘದ ಬ್ರಾಂಚಿನ ತುದಿಯಲ್ಲಿದ್ದ ಕಮಿಟನ್ನು. ಅಲ್ಲಿಂದ ಈಚೆಗೆ ಆ ಬ್ರಾಂಚಿನಲ್ಲಿ ಆಗಿರುವುದು ಮುದ್ರಣದ ತಿದ್ದುಪಡಿ ಒಂದೇ. ಉಳಿದವನ್ನು ಮುಖ್ಯ ಬ್ರಾಂಚಿನವರು ಬೇಕೆಂದೇ ತೆಗೆದಿದ್ದಾರೆ ಎಂದು ಅದು ಅರ್ಥಮಾಡಿಕೊಳ್ಳುತ್ತದೆ.

ಈಗ ಕೊಟ್ಟಿರುವ ಎರಡನೆಯ ಮರ್ಜನ್ನು ಪುಶ್ ಮಾಡಿಲ್ಲದಿದ್ದರೆ (ಎಲ್ಲರೂ ಬಳಸುವ ಸರ್ವರಿಗೆ ಕಳಿಸಿಲ್ಲದಿದ್ದರೆ) ಬಿಟ್ಟುಬಿಡಿ. ಮುಖ್ಯ ಬ್ರಾಂಚಿನಲ್ಲಿ, ಮೊದಲು ಮಾಡಿದ ಆ ರಿವರ್ಟ್ ಕಮಿಟನ್ನೇ ರಿವರ್ಟ್ ಮಾಡಿ. ಆಗ ನಾಲ್ಕನೆಯ ಸಂಘದ ಬದಲಾವಣೆಗಳೆಲ್ಲ ಮರಳಿ ಬರುತ್ತವೆ, ಕೆಟ್ಟ ಮುದ್ರಣವೂ ಸೇರಿ. ಅದರ ಮೇಲೆ ಸಂಘದ ಬ್ರಾಂಚನ್ನು ಮರ್ಜ್ ಮಾಡಿದರೆ ಮುದ್ರಣದ ತಿದ್ದುಪಡಿ ಕೂಡಿಕೊಳ್ಳುತ್ತದೆ. ಎರಡನೆಯ ಮರ್ಜ್ ಈಗಾಗಲೇ ಪುಶ್ ಆಗಿದ್ದರೂ ಹೆದರಬೇಕಿಲ್ಲ, ರಿವರ್ಟ್ ಕಮಿಟನ್ನು ಅದರ ಮೇಲೆಯೇ ರಿವರ್ಟ್ ಮಾಡಿ. ಮುದ್ರಣದ ಸಾಲುಗಳಲ್ಲಿ ಕಾನ್‌ಫ್ಲಿಕ್ಟ್ ಬಂದರೆ ಹೊಸ ತಿದ್ದುಪಡಿಯನ್ನು ಉಳಿಸಿಕೊಳ್ಳಿ. ರಿವರ್ಟ್ ಮಾಡಿದ ಕಾರಣವನ್ನೂ ಈಗ ಮರಳಿ ತರುತ್ತಿರುವ ಕಾರಣವನ್ನೂ ಕಮಿಟ್ ಸಂದೇಶದಲ್ಲಿ ಎರಡು ಸಾಲು ಬರೆಯಿರಿ. ಆಮೇಲೆ ಹೋಲಿಕೆಯ ಪರೀಕ್ಷೆಯನ್ನು ಮತ್ತೊಮ್ಮೆ ಓಡಿಸಿ, ಈ ಸಲ ರಶೀದಿಯ ಮುದ್ರಣವನ್ನೂ ಅದರೊಳಗೆ ಸೇರಿಸಿ. ಉಳಿದ ಐದು ಸಂಘಗಳಲ್ಲೂ ರಶೀದಿ ಪುಸ್ತಕದ ಅಳತೆ ಬೇರೆ ಬೇರೆ ಇರುವ ಸಾಧ್ಯತೆ ಇದೆ.